ಫಿರಕಿ ತಂಬಿಗೆಯ ಬ್ರೇಕ್ ಜರ್ನಿ

ಅಮೆರಿಕದ ಆಸ್ಟಿನ್ ಹತ್ತಿರದ ಸೀಡರ್ ಪಾರ್ಕಿನ ನಮ್ಮ ಮನೆಯ ಹಾಲಿನಲ್ಲಿ, ಟೀವಿಯ ಪಕ್ಕ, ಒಂದು ಹಿತ್ತಾಳೆಯ ಫಿರಕಿ ತಂಬಿಗೆ ಇದೆ. ಹುಬ್ಬಳ್ಳಿ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಕೆಳಗೆ ಗುಂಡನೆಯ ಹೊಟ್ಟೆ, ಮೇಲೆ ತಿರುಗಿಸಿ ಹಾಕುವ ಮುಚ್ಚಳ, ಮುಚ್ಚಳಕ್ಕೊಂದು ಹಿಡಿ. ಪ್ಲಾಸ್ಟಿಕ್ ಬಾಟಲಿಗಳು ಬರುವ ಮೊದಲು ಜನ ರೈಲಿನಲ್ಲಿ ನೀರು ಒಯ್ಯುತ್ತಿದ್ದದ್ದು ಇದರಲ್ಲೇ. ಸೀಟಿನ ಕೆಳಗೆ ಅಡ್ಡ ಮಲಗಿಸಿದರೂ ಒಂದು ಹನಿ ಚೆಲ್ಲುವುದಿಲ್ಲ. ನಮ್ಮ ಮನೆಗೆ ಬರುವ ಬೆಂಗಳೂರಿನ ಹುಡುಗಿಯರು ಅದನ್ನು ಎತ್ತಿ ನೋಡಿ, “ಆಂಟಿ, ಇದು ಆಂಟೀಕಾ?” ಎಂದು ಕೇಳುತ್ತಾರೆ. ಕೇಳಿದ್ದು ತಂಬಿಗೆಯ ಬಗ್ಗೆಯೋ ನನ್ನ ಬಗ್ಗೆಯೋ ತಿಳಿಯದೆ ನಾನು ಎರಡಕ್ಕೂ ಸೇರಿಸಿ ಹೌದು ಎನ್ನುತ್ತೇನೆ.

ಎತ್ತಿದವರಿಗೆ ಇನ್ನೊಂದು ಆಶ್ಚರ್ಯ ಕಾದಿರುತ್ತದೆ. ಒಳಗೆ ನೀರು ಕುಲುಕುತ್ತದೆ. ಅದು ಯಾವ ಊರಿನ ನೀರು, ಯಾಕೆ ಇನ್ನೂ ಚೆಲ್ಲಿಲ್ಲ ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿಬಿಟ್ಟರೆ ನನ್ನ ಹೊಟ್ಟೆಕಿಚ್ಚಿನ ಕಥೆ ಹೇಳಲು ನೆವವೇ ಉಳಿಯುವುದಿಲ್ಲ. ಹೌದು, ಇದು ಹೊಟ್ಟೆಕಿಚ್ಚಿನ ಕಥೆ. ಯಾರ ಮೇಲೆ ಅಂದಿರಾ? ವಾರಗಿತ್ತಿಯ ಮೇಲೆ. ಮತ್ಯಾರ ಮೇಲೆ?

ಅಪ್ಪ ಹುಬ್ಬಳ್ಳಿ ಸ್ಟೇಷನ್ನಿನ ವಿಚಾರಣೆ ಕೌಂಟರಿನಲ್ಲಿ ಗುಮಾಸ್ತರಾಗಿದ್ದರು. ಒಂದು ಸಣ್ಣ ಕಿಂಡಿ, ಅದರಾಚೆ ಅಪ್ಪನ ಕನ್ನಡಕ. ಯಾವ ಗಾಡಿ ಎಷ್ಟು ಹೊತ್ತಿಗೆ, ಎಲ್ಲಿ ಇಳಿದು ಯಾವುದನ್ನು ಹಿಡಿಯಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ. ಮನೆಯಲ್ಲೂ ಅದೇ ಭಾಷೆ. ಸಂಜೆ ಯಾವಾಗ ಬರ್ತೀರಿ ಎಂದು ಅವ್ವ ಕೇಳಿದರೆ “ಹದಿನೆಂಟು ನಲವತ್ತು” ಎನ್ನುವರು. ತಡವಾದ ದಿನ ಅವ್ವ ಬಾಗಿಲಲ್ಲೇ ನಿಂತು, “ಯಾಕ್ರಿ, ಸಿಗ್ನಲ್ ಸಿಗಲಿಲ್ಲೇನು?” ಎಂದು ವಿಚಾರಿಸುವಳು. ಇಂಥ ಮನೆಯಲ್ಲಿ ಬೆಳೆದವಳು ಮದುವೆಯಾಗಿ ಬಂದು ಸೇರಿದ್ದು, ಕೊತ್ತಂಬರಿ ಸೊಪ್ಪು ಬೇಕೆಂದರೂ ಕಾರು ತೆಗೆಯಬೇಕಾದ ಊರಿಗೆ. ಆಸ್ಟಿನ್‌ನಿಂದ ಡಾಲಸ್‌ಗೆ ದಿನಕ್ಕೊಂದು ರೈಲು ಇದೆಯಂತೆ. ನಮ್ಮ ಪೈಕಿ ಅದನ್ನು ಹತ್ತಿದವರನ್ನು ನಾನು ಕಂಡಿಲ್ಲ. ರೈಲ್ವೆ ಗೇಟಿನಲ್ಲಿ ಗೂಡ್ಸ್ ಗಾಡಿ ಅಡ್ಡ ಬಂದರೆ ನನ್ನ ಯಜಮಾನರು ಸ್ಟೀರಿಂಗಿನ ಮೇಲೆ ಬೆರಳು ಬಡಿಯುತ್ತಾ ಗೊಣಗುತ್ತಾರೆ. ನಾನು ಪಕ್ಕದಲ್ಲಿ ಕೂತು ಡಬ್ಬಿ ಎಣಿಸುತ್ತೇನೆ. ನೂರು ದಾಟಿದರೆ ಆ ದಿನವೆಲ್ಲ ನನಗೆ ಹಬ್ಬ.

ಯುರೋಪನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ರೈಲಿನಲ್ಲೇ ನೋಡಬೇಕು ಎಂಬುದು ನನ್ನ ಬಹುಕಾಲದ ಆಸೆ. ನಮ್ಮ ಬಳಗದಲ್ಲಿ ಅದು ಗೊತ್ತಿಲ್ಲದವರಿಲ್ಲ. ಯಾರ ಮನೆಯ ಊಟದಲ್ಲಿ ಮಾತು ಎಲ್ಲೇ ಶುರುವಾಗಲಿ, ಅನ್ನ ಮೊಸರಿಗೆ ಬರುವ ಹೊತ್ತಿಗೆ ನಾನು ಅದನ್ನು ಆಲ್ಪ್ಸ್ ಪರ್ವತದ ಸುರಂಗದೊಳಗೆ ಎಳೆದು ತಂದಿರುತ್ತೇನೆ. ಆದರೆ ಹೋಗುವುದು ಹೇಗೆ? ನಮ್ಮದು ಗ್ರೀನ್ ಕಾರ್ಡಿನ ಸರದಿ. ದೇಶ ಬಿಟ್ಟು ಹೊರಗೆ ಹೋದರೆ ಮತ್ತೆ ಒಳಗೆ ಬರಲು ಪಾಸ್‌ಪೋರ್ಟಿಗೆ ಹೊಸ ಮುದ್ರೆ ಬೇಕು. ಆ ಮುದ್ರೆ ಸಿಗದೆ ಎಲ್ಲೋ ಸಿಕ್ಕಿಬಿದ್ದವರ ಕಥೆಗಳನ್ನು ಇವರು ಆಫೀಸಿನಿಂದ ದಿನಕ್ಕೊಂದರಂತೆ ಹೊತ್ತು ತರುತ್ತಿದ್ದರು. ಇವರ ತಮ್ಮ ಮೋಹನ ನಮಗಿಂತ ಎರಡೇ ವರ್ಷ ಮೊದಲು ಬಂದವನು. ಆ ಎರಡು ವರ್ಷದಲ್ಲಿ ಸರದಿ ಎಲ್ಲಿಂದ ಎಲ್ಲಿಗೋ ಬೆಳೆದುಬಿಟ್ಟಿತು. ಅವರು ಕಾರ್ಡೂ ದಾಟಿ ಇಲ್ಲಿನ ಪ್ರಜೆಗಳೇ ಆಗಿಹೋದರು. ಅಪ್ಪನ ಮಾತಿನಲ್ಲಿ ಹೇಳುವುದಾದರೆ ಅವರದು ಕನ್ಫರ್ಮ್, ನಮ್ಮದು ವೇಟಿಂಗ್ ಲಿಸ್ಟ್.

ಆ ಮೋಹನನ ಹೆಂಡತಿಯೇ ನನ್ನ ವಾರಗಿತ್ತಿ ವಿದ್ಯಾ, ಮೈಸೂರಿನವಳು. ಡಾಲಸ್ ಹತ್ತಿರದ ಲಿಟಲ್ ಎಲ್ಮ್‌ನಲ್ಲಿ ಹೊಸ ಮನೆ, ಮನೆಯ ಹಿಂದೆ ಕೆರೆ. ನಮ್ಮ ಮನೆಯ ಹಿಂದೆ ಪಕ್ಕದ ಮನೆಯವರ ಏಸಿ. ಅವಳಿಗೆ ಸಿಟ್ಟು ಬರುವುದಿಲ್ಲ, ಸಾರು ಕೆಡುವುದಿಲ್ಲ, ಕೂದಲು ಉದುರುವುದಿಲ್ಲ. ನನ್ನನ್ನು ಬಾಯಿತುಂಬ ಅಕ್ಕ ಎನ್ನುತ್ತಾಳೆ. ಇಷ್ಟು ಒಳ್ಳೆಯವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟದ ಕೆಲಸ ಎಂದು ನಿಮಗೆ ಗೊತ್ತಿರಲಾರದು. ಕಾರಣಗಳನ್ನೆಲ್ಲ ನಾವೇ ಹುಡುಕಿಕೊಳ್ಳಬೇಕು.

ಹದಿನೈದನೇ ಇಸವಿಯ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಆ ಶ್ರಮವೂ ತಪ್ಪಿತು. ಲಿಟಲ್ ಎಲ್ಮ್‌ನ ಊಟದ ಮೇಜಿನ ಮೇಲೆ ಮೆಣಸಿನಕಾಯಿ ಬಜ್ಜಿ ತಂದಿಟ್ಟು ವಿದ್ಯಾ ಹೇಳಿದಳು:

“ಅಕ್ಕ, ಬರೋ ಸಮ್ಮರ್‌ಗೆ ಯೂರೋಪ್ ಹೋಗೋಣ ಅಂತಿದೀವಿ. ಪ್ಯಾರಿಸ್, ಜೂರಿಕ್, ವಿಯೆನ್ನಾ. ಊರಿಂದೂರಿಗೆ ಪೂರ್ತಿ ಟ್ರೈನಲ್ಲೇ. ನೀವೇ ಪ್ಲಾನ್ ಮಾಡ್ಕೊಡ್ಬೇಕು. ಟ್ರೈನ್ ವಿಷ್ಯ ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?”

“ಅದಕ್ಕೇನಂತ, ಮಾಡೂಣು ಬಿಡು,” ಎಂದೆ. ಬಜ್ಜಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂತು ಎಂದು ಎಲ್ಲರೂ ತಿಳಿದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿ ಉರಿಯುತ್ತಿತ್ತು. ಯುರೋಪ್, ಅದೂ ರೈಲಿನಲ್ಲಿ, ಅದೂ ಇವಳು! ನಾಲ್ಕು ಹೆಜ್ಜೆ ನಡೆದರೆ ಕಾರು ಎಲ್ಲಿ ಎಂದು ಕೇಳುವವಳು!

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಚಿಕ್ಕವಳಿದ್ದಾಗ ಒಮ್ಮೆ ವಿಜಾಪುರದ ಗೋಲಗುಮ್ಮಟದಲ್ಲಿ ನಾನೂ ನನ್ನ ಅಣ್ಣನೂ ಮೇಲಿನ ಗ್ಯಾಲರಿಯಲ್ಲಿ ನಿಂತು ನಮ್ಮ ನಮ್ಮ ಹೆಸರು ಕೂಗಿದೆವು. ಅವನ ಹೆಸರು ಏಳು ಸಲ ತಿರುಗಿ ಬಂತು. ನನ್ನದು ಐದೇ ಸಲ. ಗುಮ್ಮಟವೇ ಭೇದ ಮಾಡಿತೆಂದು ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ನನ್ನ ಹೆಸರು ಶೈಲಜಾ, ಅವನದು ರವಿ. ಚಿಕ್ಕ ಹೆಸರು ಬೇಗ ಬೇಗ ತಿರುಗುತ್ತದೆ ಎಂದು ಅಪ್ಪ ಎಷ್ಟು ಹೇಳಿದರೂ ಸಮಾಧಾನವಾಗಲಿಲ್ಲ. ಕೊನೆಗೆ ಅವರು ನನ್ನ ಪರವಾಗಿ “ಶೈಲಾ” ಎಂದು ಕೂಗಿ ಎರಡನ್ನು ಹೆಚ್ಚಿಗೆ ಕೊಡಿಸಿದರು.

ಆ ಗುಮ್ಮಟ ನೋಡಿದ್ದೇ ಬ್ರೇಕ್ ಜರ್ನಿಯಿಂದ. ಈ ಶಬ್ದವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಅವ್ವನ ತವರು ಸೊಲ್ಲಾಪುರ. ವರ್ಷಕ್ಕೊಮ್ಮೆ, ನೌಕರರಿಗೆ ಕೊಡುವ ಪುಕ್ಕಟೆ ರೈಲ್ವೆ ಪಾಸಿನಲ್ಲಿ ಹೋಗುವಾಗ ಅಪ್ಪ ನಡುವೆ ವಿಜಾಪುರದಲ್ಲಿ ಇಳಿಸುತ್ತಿದ್ದರು. “ಬ್ರೇಕ್ ಜರ್ನಿ!” ಎಂದು ಅವರು ಘೋಷಿಸುತ್ತಿದ್ದ ರೀತಿಯಲ್ಲೇ ಒಂದು ಹಬ್ಬವಿತ್ತು. ಸೀದಾ ಸ್ಟೇಷನ್ ಮಾಸ್ತರರ ಕೋಣೆಗೆ ಹೋಗುವುದು, ಅವರು ಅಪ್ಪನಿಗೆ ಚಹಾ ತರಿಸುವುದು, ನೇರಳೆ ಶಾಯಿಯಲ್ಲಿ ಪಾಸಿನ ಹಿಂದೆ ಸಹಿ ಹಾಕುವುದು. ಒಂದು ಸಹಿ ಬಿದ್ದರೆ ಪ್ರಯಾಣ ನಮಗಾಗಿ ಕಾದು ನಿಲ್ಲುತ್ತದೆ, ನಾವು ಊರು ನೋಡಿಕೊಂಡು ಬಂದು ಮತ್ತೆ ಹತ್ತಬಹುದು ಎಂಬುದು ನನಗೆ ದೊಡ್ಡ ಮಾಯೆಯಾಗಿ ಕಂಡಿತ್ತು.

ಇನ್ನೊಂದು ಮಾಯೆ ಈ ತಂಬಿಗೆಯದು. ಗಾಡಿ ನಿಂತ ಕೂಡಲೇ ಅಪ್ಪ ಇದನ್ನು ಹಿಡಿದು ಪ್ಲಾಟ್‌ಫಾರ್ಮಿನ ನಲ್ಲಿಗೆ ಓಡುವರು. ನಲ್ಲಿಯ ಮುಂದೆ ಜಾತ್ರೆ. ಗಾಡಿ ಸೀಟಿ ಹಾಕಿದರೂ ಅಪ್ಪನ ಬೆನ್ನು ಅಲ್ಲೇ ಕಾಣುತ್ತಿತ್ತು. ಅವ್ವ ಬಾಗಿಲಲ್ಲಿ ನಿಂತು, “ಸಾಕು ಬರ್ರಿ, ನೀರು ಹಾಳಾಗಿ ಹೋಗ್ಲಿ!” ಎಂದು ಕೂಗುವಳು. ಅಪ್ಪ ಕೊನೇ ಗಳಿಗೆಯಲ್ಲಿ ಹತ್ತಿ, ಏನೂ ಆಗದವರಂತೆ ಮುಚ್ಚಳ ಹಾಕುವರು. ಅದರ ಮುಚ್ಚಳಕ್ಕೊಂದು ಹಟ ಇದೆ. ಸೀದಾ ತಿರುಗಿಸಿದರೆ ಅಡ್ಡ ಕಚ್ಚಿಕೊಂಡುಬಿಡುತ್ತದೆ. ಮೊದಲು ಅದುಮಿ, ಒಂದಿಷ್ಟು ಉಲ್ಟಾ ತಿರುಗಿಸಿ, ಕಟ್ ಎಂದ ಮೇಲೆ ಸುಲ್ಟಾ ತಿರುಗಿಸಬೇಕು. ಅಪ್ಪನ ನಂತರ ಆ ಉಪಾಯ ನನಗೊಬ್ಬಳಿಗೇ ಗೊತ್ತಿತ್ತು. ಸೂಟ್‌ಕೇಸಿನಲ್ಲಿ ಅಮೆರಿಕಕ್ಕೆ ಬಂದ ಮೇಲೆ ತಂಬಿಗೆ ಒಂದು ಸಲವೂ ನೀರು ಕಂಡಿರಲಿಲ್ಲ.

ಎಲ್ಲಿದ್ದೆ? ಹೊಟ್ಟೆಕಿಚ್ಚಿನಲ್ಲಿ. ಲಿಟಲ್ ಎಲ್ಮ್‌ನಿಂದ ವಾಪಸು ಬರುವಾಗ ಕಾರಿನಲ್ಲಿ ನಾನು ಕಿಟಕಿಯ ಕಡೆ ತಿರುಗಿ ಕೂತೆ. ಇವರೇ ಮಾತು ಶುರುಮಾಡಿದರು.

“ನಾವೂ ಹೋಗೂಣಂತ. ಕಾರ್ಡ್ ಒಂದು ಬರ್ಲಿ.”

“ಅದು ಬರೋದ್ರಾಗ ನನ್ನ ಮೊಣಕಾಲು ಹೋಗಿರ್ತಾವು. ಗಾಲಿ ಕುರ್ಚಿ ಮ್ಯಾಲೆ ಕೂಡಿಸಿ ಕರ್ಕೊಂಡು ಹೋಗ್ರಿ.”

ಡಾಲಸ್–ಆಸ್ಟಿನ್ ದಾರಿಯ ನಡುವೆ ವೆಸ್ಟ್ ಎಂಬ ಸಣ್ಣ ಊರಿದೆ. ಹಿಂದೆ ಯಾವ ಕಾಲದಲ್ಲೋ ಯುರೋಪಿನಿಂದ ಬಂದ ಚೆಕ್ ಜನ ನೆಲೆಸಿದ ಊರು. ನಡುವೆ ಹಣ್ಣಿನ ಹೂರಣವಿಟ್ಟು ಬೇಯಿಸಿದ ಕೊಲಾಚಿ ಎಂಬ ಮೆತ್ತನೆಯ ಬನ್ನು ಅಲ್ಲಿ ಸಿಗುತ್ತದೆ. ಈ ದಾರಿಯಲ್ಲಿ ಹೋಗುವವರೆಲ್ಲ ಅಲ್ಲಿ ಇಳಿಯುತ್ತಾರೆ, ನಾವೂ ಇಳಿಯುತ್ತೇವೆ. ಇವರು ಬೇಕರಿಯ ಮುಂದೆ ಕಾರು ನಿಲ್ಲಿಸಿ, “ಇಳಿ, ಯುರೋಪ್ ಬಂತು,” ಎಂದು ನಕ್ಕರು. ನಾನು ನಗಲಿಲ್ಲ. ಏಪ್ರಿಕಾಟ್ ಹೂರಣದ್ದು ಎರಡು ತಿಂದೆ, ಆದರೂ ನಗಲಿಲ್ಲ.

ಆದರೆ ಪ್ಲಾನ್ ಮಾಡಲು ಕೂತೆನಲ್ಲ, ಆಗ ನೋಡಬೇಕಿತ್ತು ನನ್ನನ್ನು. ಗೆರೆ ಹಾಕಿದ ಉದ್ದನೆಯ ಒಂದು ನೋಟ್‌ಬುಕ್ಕು ತೆಗೆದುಕೊಂಡೆ. ಮಧ್ಯಾಹ್ನವೆಲ್ಲ ಕಂಪ್ಯೂಟರಿನ ಮುಂದೆ. ಆ ದೇಶಗಳ ರೈಲಿನ ವೇಳಾಪಟ್ಟಿಗಳು, ಪ್ಲಾಟ್‌ಫಾರ್ಮಿನ ನಕ್ಷೆಗಳು, ಯಾರೋ ಪುಣ್ಯಾತ್ಮರು ಕಿಟಕಿಯಿಂದ ತೆಗೆದ ವಿಡಿಯೋಗಳು. ಒಂದೊಂದು ವಿಡಿಯೋ ನಾಲ್ಕು ತಾಸು. ಒಲೆಯ ಮೇಲಿನ ಬೇಳೆ ಎರಡು ಸಲ ಸೀದುಹೋಯಿತು. ಮೊದಮೊದಲು ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೆ. ನಾಲ್ಕು ದಿನ ಕಳೆಯುವುದರಲ್ಲಿ ವಿದ್ಯಾ ಎಂಬುವಳೊಬ್ಬಳು ಇದ್ದಾಳೆಂಬುದೇ ಮರೆತುಹೋಯಿತು. ಜೂರಿಕ್ ಬಿಟ್ಟ ಮೇಲೆ ಕೆರೆ ಎಡಗಡೆ ಕಾಣುತ್ತದೆ ಎಂದು ತಿಳಿದ ದಿನ ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ. ಬರೆದದ್ದು ಕನ್ನಡದಲ್ಲೇ. ಭಾನುವಾರ ಇಲ್ಲಿನ ಮಕ್ಕಳಿಗೆ ಕನ್ನಡ ಹೇಳಿಕೊಡುವ ಟೀಚರ್ ನಾನು, ಇಂಗ್ಲಿಷಿನಲ್ಲಿ ಬರೆದರೆ ಮರ್ಯಾದೆ ಏನಾದೀತು?

ಜೂರಿಕ್‌ನಿಂದ ವಿಯೆನ್ನಾಕ್ಕೆ ಸೀದಾ ಗಾಡಿ ಇದೆ. ವಿದ್ಯಾಳಿಗೆ ಅಷ್ಟು ಸಾಕಿತ್ತು. ನನಗೆ ಸಾಕಾಗಲಿಲ್ಲ. ನಡುವೆ ಇನ್ಸ್‌ಬ್ರುಕ್ ಎಂಬ ಊರು ಬರುತ್ತದೆ. ಅದರ ಸ್ಟೇಷನ್ನಿನ ಚಿತ್ರ ನೋಡಿದೆ. ಪ್ಲಾಟ್‌ಫಾರ್ಮು ಮುಗಿಯುವಲ್ಲಿ ಬೆಟ್ಟ ಎದ್ದು ನಿಂತಿದೆ, ಬೆಟ್ಟದ ತಲೆಯ ಮೇಲೆ ಬೇಸಿಗೆಯಲ್ಲೂ ಹಿಮ. ನಾನು ಅಲ್ಲೇ ಇಳಿದುಬಿಟ್ಟೆ. ಕ್ರಿಸ್ಮಸ್ಸಿಗೆ ಅವರೆಲ್ಲ ನಮ್ಮ ಮನೆಗೆ ಬಂದಾಗ ನೋಟ್‌ಬುಕ್ಕು ಒಪ್ಪಿಸುತ್ತಾ ವಿದ್ಯಾಳಿಗೆ ಹೇಳಿದೆ:

“ಇಲ್ಲೊಂದು ಬ್ರೇಕ್ ಜರ್ನಿ ಹಾಕೀನಿ. ಎರಡು ದಿನ ಇಳೀರಿ.”

“ಬ್ರೇಕ್ ಜರ್ನಿ ಅಂದ್ರೆ ಏನಕ್ಕ?”

“ಒಂದೇ ಟಿಕೇಟಿನ ಮ್ಯಾಲೆ ನಡುವ ಇಳಿಯೋದು. ವಿಯೆನ್ನಾ ತನಕಾ ಟಿಕೇಟ್ ತಗೋ. ಇನ್ಸ್‌ಬ್ರುಕ್‌ನ್ಯಾಗ ಇಳಿದು ಸ್ಟೇಷನ್ ಮಾಸ್ತರ ಕಡೆ ಹೋಗು. ಟಿಕೇಟಿನ ಹಿಂದ ಒಂದು ಸಹಿ ಹಾಕ್ತಾರ. ಎರಡು ದಿನ ಬಿಟ್ಟು ಮುಂದಿನ ಗಾಡಿ ಹಿಡಿ.”

“ಅಲ್ಲೂ ಹಾಗೇನಾ?”

“ರೈಲು ಎಲ್ಲಾ ಕಡೆ ರೈಲೇ ಅಲ್ಲೇನು?” ಎಂದೆ. ನನ್ನ ದನಿಯಲ್ಲಿ ವಿಚಾರಣೆ ಕೌಂಟರಿನ ಗತ್ತು ಇತ್ತು. ವಿದ್ಯಾ ತಲೆಯಾಡಿಸಿ ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವಳ ಮಗಳು, ಹತ್ತು ವರ್ಷದ ಅನನ್ಯಾ, ಅದನ್ನು ಕಸಿದುಕೊಂಡು ಸೋಫಾದ ಮೂಲೆ ಸೇರಿದಳು.

ಮುಂದೆ ಯುಗಾದಿ ಬಂತು. ಹ್ಯೂಸ್ಟನ್ ಬಳಿಯ ಕ್ಲಿಯರ್ ಲೇಕ್‌ನಲ್ಲಿರುವ ದೇಶಪಾಂಡೆ ಅಂಕಲ್ ಮನೆಗೆ ಹಬ್ಬದ ಊಟಕ್ಕೆ ಹೋಗಿದ್ದೆವು. ಅಂಕಲ್ ಬೆಳಗಾವಿಯವರು, ಆಕಾಶಕ್ಕೆ ಹಾರುವ ಯಂತ್ರಗಳ ಕೆಲಸ ಮಾಡಿ ನಿವೃತ್ತರಾದವರು. ಹೋದ ವರ್ಷ ಗಂಡಹೆಂಡತಿ ಯುರೋಪಿಗೆ ಹೋಗಿ ಬಂದದ್ದನ್ನು ಹೋಳಿಗೆ ಬಡಿಸುತ್ತಾ ಹೇಳತೊಡಗಿದರು. ಅಂಕಲ್ ಅವರದ್ದೂ ಯುರೋಪೇ ಎಂದು ನಾನು ಒಳಗೊಳಗೇ ಮೂಗು ಮುರಿಯುತ್ತಿದ್ದೆ.

“ಒಂದು ಚಂದನ ಊರು ಕಂಡ್ತು, ನೋಡಿ ಬರೂಣಂತ ನಡುವ ಇಳಿದ್ವಿ. ಸಂಜೀಕ ಮುಂದಿನ ಗಾಡಿ ಹತ್ತಿದ್ರ ಟಿಕೇಟ್ ನೋಡಾವ ಬಂದ. ಅಲ್ರೀ, ಈ ಟಿಕೇಟು ಮುಂಜಾನಿ ಗಾಡಿಗಷ್ಟೇ ಅದ, ಈ ಗಾಡಿಗೆ ನಡಿಯೂದಿಲ್ಲ ಅಂದ. ಸೋವಿ ಟಿಕೇಟಂದ್ರ ಹಂಗಂತ. ಹೊಸಾ ಟಿಕೇಟ್ ತಗೋಬೇಕಾತು. ಚಂದ್ರನ ಮ್ಯಾಲೆ ಇಳಿಯೋ ಲೆಕ್ಕ ಹಾಕಿದಾಂವ ನಾನು, ಯಾವ ಸ್ಟೇಷನ್ನಿನ್ಯಾಗ ಇಳೀಬಾರದಂತ ತಿಳೀಲಿಲ್ಲ!”

ಎಲ್ಲರೂ ನಕ್ಕರು. ನಾನು ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗಿಟ್ಟೆ. “ಬ್ರೇಕ್ ಜರ್ನಿ ಅಂತ ಸ್ಟೇಷನ್ ಮಾಸ್ತರ ಸಹಿ ಹಾಕಿಸ್ಕೋಬೇಕಿತ್ತಲ್ರೀ ಅಂಕಲ್?” ಎಂದು ಕೇಳಿದೆ.

ಅಂಕಲ್ ನನ್ನ ಕಡೆ ಕರುಣೆಯಿಂದ ನೋಡಿದರು. “ಅದು ನಿಮ್ಮಪ್ಪನ ಪಾಸಿಗಿತ್ತವಾ ಆ ವೈಭವ. ಟಿಕೇಟ್ ತಗೊಂಡು ಹತ್ತಿದವ್ರು ನಾವು ನಮ್ಮೂರಾಗೂ ಹಂಗ ಕಂಡ್ಕಂಡಲ್ಲಿ ಇಳೀತಿರ್ಲಿಲ್ಲ.”

ಒಂದೇ ಊಟದಲ್ಲಿ ಎರಡು ಸತ್ಯ ಬಡಿಸಿದಂತಾಯಿತು. ನಾನು ಜಗತ್ತಿನ ನಿಯಮ ಎಂದುಕೊಂಡಿದ್ದು ನಮ್ಮಪ್ಪನ ಪಾಸಿನ ಸವಲತ್ತು. ಅದನ್ನು ನಂಬಿ ವಿದ್ಯಾ ಜೂರಿಕ್‌ನಿಂದ ವಿಯೆನ್ನಾಕ್ಕೆ ಅಂಥದ್ದೇ ಅಗ್ಗದ ಟಿಕೆಟ್ಟು ಕೊಂಡು, ನಡುವೆ ಇಳಿಯಲು ಹೊರಟಿದ್ದಾಳೆ. ಕೂಡಲೇ ಫೋನ್ ಮಾಡಿ ಹೇಳಬೇಕಿತ್ತು. ಹ್ಯೂಸ್ಟನ್‌ನಿಂದ ಮನೆಗೆ ಬರುವ ಮೂರು ತಾಸೂ ಫೋನು ನನ್ನ ಕೈಯಲ್ಲೇ ಇತ್ತು. ಮಾಡಲಿಲ್ಲ.

ನನ್ನನ್ನು ಬೈದುಕೊಳ್ಳಿ, ಅಡ್ಡಿಯಿಲ್ಲ. ಮರುದಿನವೂ ಮಾಡಲಿಲ್ಲ. ಅದರ ಮರುದಿನವೂ. ನಾಳೆ ಮಾಡಿದರಾಯಿತು ಎನ್ನುತ್ತಾ ಪಾತ್ರೆ ತೊಳೆಯುವಾಗ ಮನಸ್ಸಿನಲ್ಲೇ ಒಂದು ಚಿತ್ರ ನೋಡುತ್ತಿದ್ದೆ. ಇನ್ಸ್‌ಬ್ರುಕ್ ಪ್ಲಾಟ್‌ಫಾರ್ಮು, ಹಿಂದೆ ಹಿಮದ ಬೆಟ್ಟ. ಎಂದೂ ಬೆವರದ ವಿದ್ಯಾ ಬೆವರುತ್ತಾ, ಸೂಟ್‌ಕೇಸು ಎಳೆದುಕೊಂಡು, ಸಹಿ ಹಾಕುವ ಸ್ಟೇಷನ್ ಮಾಸ್ತರ ಎಲ್ಲಿ ಎಂದು ಕಂಡಕಂಡವರನ್ನು ಕೇಳುತ್ತಿದ್ದಾಳೆ. ಅವಳ ಕೂದಲು ಕೆದರಿದೆ. ಈ ಚಿತ್ರ ನನಗೆ ಬಹಳ ಸುಖ ಕೊಡುತ್ತಿತ್ತು. ಎರಡು ವಾರ ನಮ್ಮ ಮನೆಯ ಪಾತ್ರೆಗಳು ಫಳಫಳ ಹೊಳೆದವು.

ಆ ಸುಖ ಹಾಳುಮಾಡಿದವಳು ಅನನ್ಯಾ. ಭಾನುವಾರದ ತರಗತಿಗೆ ಅವಳು ಲಿಟಲ್ ಎಲ್ಮ್‌ನಿಂದ ವಿಡಿಯೋದಲ್ಲಿ ಸೇರಿಕೊಳ್ಳುತ್ತಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ನಿಧಾನವಾಗಿ ಓದುತ್ತಾಳೆ ಕೂಡ. ಬಾಯಿಂದ ಹೊರಡುವುದು ಮಾತ್ರ ಇಂಗ್ಲಿಷ್. ಆ ವಾರ ಕ್ರಿಯಾಪದದ ಪಾಠ. ನಾನು ಹೋಗುತ್ತೇನೆ, ನಾವು ಹೋಗುತ್ತೇವೆ, ನೀವು ಹೋಗುತ್ತೀರಿ. ‘ನಾವು’ ಸೇರಿಸಿ ಎರಡು ವಾಕ್ಯ ಹೇಳಿ ಎಂದೆ. ಎಲ್ಲರೂ ನಾವು ಪಿಜ್ಜಾ ತಿನ್ನುತ್ತೇವೆ ಎಂದು ಕೈತೊಳೆದುಕೊಂಡರು. ಅನನ್ಯಾ ಮಾತ್ರ ಕ್ಯಾಮೆರಾದ ಹತ್ತಿರ ಮುಖ ತಂದು ಒಂದೊಂದೇ ಅಕ್ಷರ ಎತ್ತಿಡುತ್ತಾ ಹೇಳಿದಳು:

“ನಾವು ಇನ್ಸ್‌ಬ್ರುಕ್‌ನಲ್ಲಿ ಇಳಿಯುತ್ತೇವೆ. ಸ್ಟೇಷನ್ ಮಾಸ್ತರ ಸಹಿ ಹಾಕುತ್ತಾರೆ.”

ಅವಳ ಬಾಯಿಂದ ಹೊರಟ ಮೊದಲ ಪೂರ್ತಿ ಕನ್ನಡ ವಾಕ್ಯಗಳು. ಒಂದೂ ವ್ಯಾಕರಣದ ತಪ್ಪಿಲ್ಲ. ಇದ್ದ ತಪ್ಪು ನನ್ನದು. ವೆರಿ ಗುಡ್ ಎಂದೆ, ಟೀಚರ್ ಬಾಯಿಗೂ ಕನ್ನಡ ಬರಲಿಲ್ಲ. ಕಂಪ್ಯೂಟರ್ ಮುಚ್ಚಿ ಇವರಿಗೆ ಹೇಳಿದೆ: “ಶನಿವಾರ ಲಿಟಲ್ ಎಲ್ಮ್‌ಗೆ ನಡೀರಿ. ಕೆಲಸ ಅದ.”

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಎರಡು ವಾರ ಮುಚ್ಚಿಟ್ಟದ್ದಕ್ಕೆ ಇನ್ನೂರು ಮೈಲಿಯಾದರೂ ಹೋಗಿ ತಲೆ ತಗ್ಗಿಸಬೇಕು ಎನಿಸಿತು. ಬರಿಗೈಲಿ ಹೋಗಲು ಮುಜುಗರವಾಗಿ, ಹೊರಡುವ ಗಳಿಗೆಯಲ್ಲಿ ಟೀವಿ ಪಕ್ಕದ ತಂಬಿಗೆಯನ್ನು ಚೀಲಕ್ಕೆ ಹಾಕಿಕೊಂಡೆ. ಯಾಕೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ವಿದ್ಯಾಳ ಮುಂದೆ ನಿಂತು ಒಂದೇ ಉಸಿರಿಗೆ ಹೇಳಿದೆ. “ವಿದ್ಯಾ, ನಾ ಹೇಳಿದ್ದು ತಪ್ಪಾಗೇದ. ಬ್ರೇಕ್ ಜರ್ನಿ ಅಲ್ಲಿ ನಡಿಯೂದಿಲ್ಲಂತ. ಟಿಕೇಟು ಒಂದು ಗಾಡಿಗಷ್ಟೇ. ನನಗ ಯುಗಾದಿಗೇ ಗೊತ್ತಾಗಿತ್ತು. ಬೇಕಂತ ಹೇಳಲಿಲ್ಲ.”

“ಅಯ್ಯೋ ಅಕ್ಕ, ಅದಕ್ಯಾಕೆ ಇಷ್ಟು ದೂರ ಬಂದ್ರಿ? ಜನವರಿಲೇ ಸರಿಮಾಡ್ಬಿಟ್ಟಿದೀನಿ. ಬುಕ್ ಮಾಡೋವಾಗ ಸೈಟೇ ಕೇಳತ್ತೆ, ಸ್ಟಾಪ್‌ಓವರ್ ಬೇಕಾ, ಎಲ್ಲಿ, ಎಷ್ಟು ಹೊತ್ತು ಅಂತ. ಇನ್ಸ್‌ಬ್ರುಕ್, ನಲವತ್ತೆಂಟು ಗಂಟೆ ಅಂತ ಹಾಕ್ದೆ. ಎರಡು ಗಾಡಿದೂ ಸೇರಿಸೇ ಟಿಕೆಟ್ ಬಂತು.”

“ಮತ್ತ ನನಗ್ಯಾಕ ಹೇಳಲಿಲ್ಲ?”

ಅವಳು ಸೊಪ್ಪಿನ ಕಡೆ ನೋಡಿದಳು. “ನೀವು ಅಷ್ಟು ಖುಷಿಯಾಗಿ ಹೇಳಿದ್ರಿ. ಸ್ಟೇಷನ್ ಮಾಸ್ತರು, ಸಹಿ... ಅನೂಗೂ ಅದೇ ಕತೆ ಇಷ್ಟ ಆಗೋಗಿತ್ತು. ಇರ್ಲಿ ಅಂತ ಸುಮ್ನಾದೆ.”

ನೋಡಿ, ಇದಕ್ಕೇ ನನಗೆ ಅವಳನ್ನು ಕಂಡರೆ ಆಗದಿರುವುದು! ಎರಡು ವಾರ ನಾನು ಹಿತವಾಗಿ ಅನುಭವಿಸಿದ ಪಾಪ, ಅವಳು ಮೂರು ತಿಂಗಳ ಹಿಂದೆಯೇ ಮುಚ್ಚಿ ಹಾಕಿದ್ದ ಗುಂಡಿ. ಕೆಟ್ಟವಳಾಗುವುದರಲ್ಲೂ ನಾನು ವೇಟಿಂಗ್ ಲಿಸ್ಟು. ನಾನು ಬೇಕಂತಲೇ ಹೇಳಲಿಲ್ಲ ಎಂದದ್ದನ್ನಾದರೂ ಅವಳು ಹಿಡಿದುಕೊಂಡು ಒಂದು ಮಾತು ಬಯ್ಯಬೇಕಿತ್ತು. “ಟೀ ಮಾಡ್ಲಾ ಅಕ್ಕ?” ಎಂದಳು.

ಎಲ್ಲರೂ ಟೀಗೆ ಕೂತಾಗ ಅನನ್ಯಾ ನನ್ನ ನೋಟ್‌ಬುಕ್ಕು ಎದೆಗೊತ್ತಿಕೊಂಡು ಬಂದು ಪಕ್ಕದಲ್ಲಿ ನಿಂತಳು.

“ದೊಡ್ಡಮ್ಮ, ಕ್ಯಾನ್ ಐ ಆಸ್ಕ್ ಯೂ ಸಮ್‌ಥಿಂಗ್? ‘ತ್ತೇವೆ’ ಈಸ್ ವೀ, ರೈಟ್? ‘ತ್ತೀರಿ’ ಈಸ್ ಯೂ?”

“ಹೌದು ಪುಟ್ಟಿ.”

“ದೆನ್ ವೈ ಡಸ್ ಇಟ್ ಸೇ ‘ತ್ತೇವೆ’ ಎವ್ರಿವೇರ್? ಆರ್ ಯೂ ಕಮಿಂಗ್ ವಿತ್ ಅಸ್?”

ಅವಳ ಕೈಯಿಂದ ನೋಟ್‌ಬುಕ್ಕು ತೆಗೆದುಕೊಂಡೆ. ನನ್ನದೇ ಅಕ್ಷರ. ಬೆಳಿಗ್ಗೆ ಜೂರಿಕ್ ಬಿಡುತ್ತೇವೆ. ಎಡಗಡೆಯ ಕಿಟಕಿಗೆ ಕೂರುತ್ತೇವೆ. ಕೆರೆ ಮುಗಿಯುವ ತನಕ ಯಾರೂ ಮಾತಾಡುವುದಿಲ್ಲ, ಬರೀ ನೋಡುತ್ತೇವೆ. ಇನ್ಸ್‌ಬ್ರುಕ್‌ನಲ್ಲಿ ಇಳಿಯುತ್ತೇವೆ. ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ ಬೆಟ್ಟ ನೋಡುತ್ತೇವೆ. ಹಾಳೆ ಮಗುಚಿದೆ. ಇನ್ನೊಂದು ಮಗುಚಿದೆ. ಇಡೀ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ‘ತ್ತೀರಿ’ ಇರಲಿಲ್ಲ. ಒಂಬತ್ತು ವರ್ಷದಿಂದ ಮಕ್ಕಳಿಗೆ ಇದನ್ನೇ ತಿದ್ದಿಸುತ್ತಿರುವ ಟೀಚರ್!

ವಿದ್ಯಾ ಇದನ್ನು ಡಿಸೆಂಬರಿನಲ್ಲೇ ಓದಿ ಸುಮ್ಮನಿದ್ದಳೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಮೋಹನ ಚಮಚ ತಿರುವುತ್ತಿದ್ದ. ಇವರು ತಲೆ ಬಗ್ಗಿಸಿ ಟೀ ನೋಡುತ್ತಿದ್ದರು, ಅದರಲ್ಲಿ ಏನೋ ಬಿದ್ದಿದೆ ಎಂಬಂತೆ.

“ಇಲ್ಲ ಪುಟ್ಟಿ, ದೊಡ್ಡಮ್ಮ ತಪ್ಪು ಬರ್ದಾಳ. ನಾನು ಬರೂದಿಲ್ಲ,” ಎಂದೆ. ಎಂದವಳಿಗೆ ದನಿ ಒಡೆಯಿತು. ಅದನ್ನು ಮುಚ್ಚಿಕೊಳ್ಳಲು ಚೀಲದಿಂದ ತಂಬಿಗೆ ತೆಗೆದು ಅವಳ ಕೈಗಿಟ್ಟೆ. “ನನ್ನ ಬದಲಿ ಇದನ್ನ ಕರ್ಕೊಂಡು ಹೋಗು. ಇದಕ್ಕ ರೈಲು ಹತ್ತಿ ರೂಢಿ ಅದ.” ಮುಚ್ಚಳದ ಉಪಾಯವನ್ನೂ ಹೇಳಿಕೊಟ್ಟೆ. ಅದುಮು, ಉಲ್ಟಾ, ಕಟ್, ಸುಲ್ಟಾ. ಅವಳು ನಾಲ್ಕು ಸಲ ಮಾಡಿ ತೋರಿಸಿದಳು.

ಅಂದು ವಾಪಸು ಬರುವಾಗ ವೆಸ್ಟ್‌ನಲ್ಲಿ ಇವರು ಕಾರು ನಿಲ್ಲಿಸಿದರು. ಯುರೋಪ್ ಬಂತು ಎನ್ನಲಿಲ್ಲ. ಸುಮ್ಮನೆ ಹೋಗಿ ಏಪ್ರಿಕಾಟಿನ ಎರಡು ಕೊಲಾಚಿ ತಂದು ನನ್ನ ತೊಡೆಯ ಮೇಲಿಟ್ಟರು.

ಜೂನ್‌ನಲ್ಲಿ ಫೋಟೋಗಳು ಬರತೊಡಗಿದವು. ನಾನು ಫೋನನ್ನು ಬೋರಲು ಹಾಕುವೆ, ಮತ್ತೆ ಎತ್ತಿ ನೋಡುವೆ. ಪ್ಯಾರಿಸ್‌ನಲ್ಲಿ ವಿದ್ಯಾಳ ಕೂದಲು ಗಾಳಿಗೂ ಕೆದರಿರಲಿಲ್ಲ. ಅಷ್ಟನ್ನೆಲ್ಲ ಹೇಗೋ ತಡೆದುಕೊಂಡೆ. ಕೊನೆಗೊಂದು ದಿನ ಅನನ್ಯಾ ಕಳಿಸಿದ್ದು ಬಂತು. ರೈಲಿನ ಎಡಗಡೆಯ ಕಿಟಕಿ, ಆಚೆ ನೀಲಿ ಕೆರೆ, ಕಿಟಕಿಯ ಪಕ್ಕದ ಸೀಟಿನ ಮೇಲೆ ಒಬ್ಬನೇ ರಾಜನ ಹಾಗೆ ಕೂತ ನನ್ನ ಫಿರಕಿ ತಂಬಿಗೆ. ಹಿತ್ತಾಳೆಯ ಹೊಟ್ಟೆಯಲ್ಲಿ ಕೆರೆಯೂ ಬೆಟ್ಟವೂ ಬಾಗಿ ಮೂಡಿದ್ದವು. ವಾರಗಿತ್ತಿಯ ಮೇಲೆ ಹೊಟ್ಟೆಕಿಚ್ಚು ಪಡುವವರನ್ನು ನೀವು ಕಂಡಿರಬಹುದು. ನಾನು ಅಂದು ತಂಬಿಗೆಯ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ನನ್ನ ಸೀಟಿನಲ್ಲಿ ಕೂತಿದೆಯಲ್ಲ ಎಂದು ಅದನ್ನು ಬೈದೆ ಕೂಡ.

ಅವರು ವಾಪಸು ಬಂದ ಮೇಲೆ ನಮ್ಮ ಮನೆಗೇ ತಂದುಕೊಟ್ಟರು. ಹೊಟ್ಟೆಯಲ್ಲಿ ಸಣ್ಣದೊಂದು ನೆಗ್ಗು, ಒಳಗೆ ನೀರು. ಇನ್ಸ್‌ಬ್ರುಕ್ ಸ್ಟೇಷನ್ನಿನ ನಲ್ಲಿಯಿಂದ ತುಂಬಿಸಿ, ಸ್ವೆಟರಿನಲ್ಲಿ ಸುತ್ತಿ, ಸೂಟ್‌ಕೇಸಿನಲ್ಲಿಟ್ಟು ತಂದಿದ್ದರು. “ಅಕ್ಕ, ಗಾಡಿ ಹೊರಡೋಕ್ಕೆ ಎರಡು ನಿಮಿಷ ಇತ್ತು. ಇವಳು ತಂಬಿಗೆ ತುಂಬಿಸ್ಲೇಬೇಕು ಅಂತ ಓಡಿದ್ಲು. ನಾನು ಬಾಗಿಲಲ್ಲಿ ನಿಂತು ಬಾ ಬಾ ಅಂತ ಕಿರುಚ್ತಾ ಇದ್ದೆ. ಕೂದಲೆಲ್ಲ ಕೆದರಿ ಹುಚ್ಚಿ ಥರ ಆಗಿದ್ದೆ,” ಎಂದಳು ವಿದ್ಯಾ. ಆ ಕೂದಲಿನ ಫೋಟೋ ಮಾತ್ರ ಯಾರೂ ತೆಗೆದಿರಲಿಲ್ಲ. ಓಡುವ ಅವಸರದಲ್ಲಿ ಅನನ್ಯಾ ಉಲ್ಟಾ ತಿರುಗಿಸುವುದನ್ನು ಮರೆತು ಸೀದಾ ತಿರುಗಿಸಿಬಿಟ್ಟಿದ್ದಳು. ಮುಚ್ಚಳ ಅಡ್ಡ ಕಚ್ಚಿಕೊಂಡಿತ್ತು. ನಾನು ತಿರುಗಿಸಿದೆ, ಬರಲಿಲ್ಲ. ಬಿಸಿನೀರು ಹಾಕಿದೆ, ಬಟ್ಟೆ ಸುತ್ತಿ ತಿರುಗಿಸಿದೆ, ಅಪ್ಪನನ್ನು ನೆನೆದು ಅದುಮಿದೆ. ಬರಲಿಲ್ಲ.

ಅವರು ಹೋದ ಮೇಲೆ ಅದನ್ನು ಟೀವಿಯ ಪಕ್ಕಕ್ಕೆ ಇಟ್ಟೆ. ಇವರು ಗ್ಯಾರೇಜಿನಿಂದ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ಬಂದರು.

“ತಾ ಇಲ್ಲಿ, ಒಂದು ಏಟಿಗೆ ತೆಗೀತೇನಿ. ನೀರು ಒಳಗ ಕೆಟ್ಟು ಹೋಗ್ತದ.”

ನಾನು ತಂಬಿಗೆಯನ್ನು ಎತ್ತಿಕೊಂಡು ಕಿವಿಯ ಹತ್ತಿರ ಕುಲುಕಿದೆ. ಯುರೋಪು ಒಳಗೇ ಇತ್ತು.

“ಬ್ಯಾಡ್ರಿ, ಹಂಗೇ ಇರ್ಲಿ. ಇದನ್ನ ಅಲ್ಲೇ ಹೋಗಿ, ಆ ನಳದ ಮುಂದ ನಿಂತು ತೆಗೀತೇವಿ.”

ಇವರು ಪಾನಾ ಕೆಳಗಿಳಿಸಿ ನನ್ನನ್ನು ನೋಡಿದರು. “ತೆಗೀತೇವಿ?”

ನಾನು ಕನ್ನಡ ಟೀಚರ್. ಈ ಸಲದ ಬಹುವಚನ ಕೈತಪ್ಪಿ ಬಂದದ್ದಲ್ಲ.